ಮೊದಲ ಆರೋಪಿ ಫ್ಯೂಸ್

ಉಪಕರಣವನ್ನು ನನ್ನ ಮೇಜಿನ ಮೇಲಿಟ್ಟು, ಜೋಡಿಸಿದ ಮೇಲೆ ಉಳಿದುಕೊಂಡ ನಾಲ್ಕು ಸ್ಕ್ರೂಗಳ ಕಾಗದದ ಪೊಟ್ಟಣವನ್ನೂ ಅದರ ಪಕ್ಕದಲ್ಲಿಟ್ಟು, "ಇದನ್ನು ಯಾರೂ ಮುಟ್ಟಿಲ್ಲ, ತಾನಾಗಿಯೇ ನಿಂತುಹೋಯಿತು" ಎನ್ನುವವರ ಮುಖದಲ್ಲಿ ಕಾಣುವ ನಿರ್ಮಲ ಶಾಂತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ರಿಪೇರಿ ಕೆಲಸದವನಾದ ನನಗೆ ಕೆಟ್ಟ ಉಪಕರಣವೆಂದರೆ ಹೆದರಿಕೆಯಿಲ್ಲ. ಮನೆಯಲ್ಲಿ ಒಮ್ಮೆ ಸರಿಹೋಗಿ ಬಂದದ್ದೆಂದರೆ ಮಾತ್ರ ಕೈ ನಡುಗುತ್ತದೆ.

ಮನೆಯ ತಂತ್ರಜ್ಞರ ನ್ಯಾಯಶಾಸ್ತ್ರ ಬಹಳ ಸರಳವಾದದ್ದು: ಯಾವ ಭಾಗ ಸತ್ತಿದೆಯೋ ಅದೇ ಅಪರಾಧಿ. ಹೀಗಾಗಿ, ಮಿಕ್ಕವರು ಬದುಕಲೆಂದು ತಾನು ಕರಗಿಹೋಗುವುದನ್ನೇ ವೃತ್ತಿಯಾಗಿಸಿಕೊಂಡಿರುವ ಫ್ಯೂಸ್ ಪ್ರತಿ ವಿಚಾರಣೆಯಲ್ಲೂ ಮೊದಲ ಆರೋಪಿ. ಇತ್ತೀಚೆಗೆ ಬಂದ ಆಂಪ್ಲಿಫೈಯರ್ ಒಂದರಲ್ಲಿ 2 ಆಂಪಿಯರ್‌ನ ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಿ ಮತ್ತೆ ಅದರ ಜಾಗದಲ್ಲೇ ಕೂರಿಸಿದ್ದರು. ಒಂದು ಸುತ್ತು ಸಾಲದೇ ಹೋದೀತೆಂಬ ಮುಂದಾಲೋಚನೆಯಿಂದ ಮೂರು ಸುತ್ತು ಹಾಕಿ, ತುದಿಗಳನ್ನು ಉಗುರಿನಿಂದ ನೀವಿ ನುಣುಪು ಮಾಡಿದ್ದರು. ಕೆಲಸದಲ್ಲಿ ಶ್ರದ್ಧೆಗೇನೂ ಕೊರತೆಯಿರಲಿಲ್ಲ. ನಿಜವಾಗಿ ಶಾರ್ಟ್ ಆಗಿದ್ದ, ಎಸಿ ಕರೆಂಟನ್ನು ಡಿಸಿಯಾಗಿಸುವ ಬ್ರಿಜ್ ರೆಕ್ಟಿಫೈಯರ್‌ ಕಡೆಗೆ ಯಾರೂ ತಿರುಗಿಯೂ ನೋಡಿರಲಿಲ್ಲವಾದ್ದರಿಂದ, ಅದು ಬೆಳ್ಳಿ ಕಾಗದದ ಕೃಪೆಯಿಂದ ಬೇಕಾದಷ್ಟು ಕರೆಂಟ್ ಎಳೆದುಕೊಂಡು, ಬೋರ್ಡಿನ ತಾಮ್ರದ ಪಟ್ಟಿಯನ್ನು ಸಿಪ್ಪೆಯಂತೆ ಮೇಲೆಬ್ಬಿಸಿ, ಟ್ರಾನ್ಸ್‌ಫಾರ್ಮರ್‌ನ ವಾರ್ನಿಷನ್ನು ಸುಟ್ಟು, ಆ ಬಳಿಕವಷ್ಟೇ ವಿಶ್ರಾಂತಿ ಪಡೆದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಿ ಕೊನೆಗೆ ಎತ್ತಾದರೂ ಉಳಿದಿರಬಹುದು.

ಮೈಕ್ರೋವೇವ್ ಓವನ್ನಿನ ವಿಷಯದಲ್ಲಿ ಈ ಶಾಸ್ತ್ರ ಇನ್ನೂ ಎತ್ತರಕ್ಕೇರುತ್ತದೆ. ಬಾಗಿಲು ತೆರೆದೊಡನೆ ವಿದ್ಯುತ್ತು ಕಡಿದುಹೋಗಲೆಂದು ಅದರಲ್ಲಿ ಸ್ವಿಚ್ಚುಗಳಿರುತ್ತವೆ. ಅವು ಕೈಕೊಟ್ಟಾಗ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸನ್ನು ಸುಡುವುದಕ್ಕೆಂದು ಇನ್ನೊಂದು ಸ್ವಿಚ್ಚೂ ಇರುತ್ತದೆ. ನಮ್ಮ ಪಂಡಿತರು ಬಾಗಿಲಿನ ಸ್ವಿಚ್ಚುಗಳನ್ನು ತಂತಿಯಿಂದ ಜೋಡಿಸಿಬಿಡುತ್ತಾರೆ. ಬಾಗಿಲು ತೆರೆದೊಡನೆ ಫ್ಯೂಸ್ ಹೋಗುತ್ತದೆ. ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ತಂತಿ ಬರುತ್ತದೆ. ಒಂದೊಂದೇ ಕಾವಲುಗಾರನನ್ನು ಹೀಗೆ ಕಟ್ಟಿಹಾಕಿದ ಮೇಲೆ, ಪ್ಲಗ್ ಕಿತ್ತ ನಂತರವೂ 2,000 ವೋಲ್ಟ್‌ಗಳಷ್ಟನ್ನು ಹಿಡಿದಿಟ್ಟುಕೊಂಡಿರಬಲ್ಲ ಕೆಪಾಸಿಟರ್‌ನ ಪಕ್ಕದಲ್ಲೇ ಸ್ಕ್ರೂಡ್ರೈವರ್ ಆಡಿಸುತ್ತ, "ಪ್ಲಗ್ ತೆಗೆದಿದ್ದೇನಲ್ಲ, ಇನ್ನೇನು ಭಯ" ಎಂದು ಮನೆಯವರಿಗೆ ಧೈರ್ಯ ಹೇಳುತ್ತಾರೆ. ಇಸ್ತ್ರಿಪೆಟ್ಟಿಗೆ ಮಿತಿಮೀರಿ ಕಾದರೆ ಕಡಿದುಹೋಗುವ ಥರ್ಮಲ್ ಫ್ಯೂಸಿನ ಗತಿಯೂ ಇದೇ ಆಗಿರುವುದರಿಂದ ಅದನ್ನು ವಿಸ್ತರಿಸುವುದಿಲ್ಲ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಮೈಮೇಲೆ ಋಣ ತುದಿ ಯಾವುದೆಂದು ತಿಳಿಸುವ ಪಟ್ಟೆಯನ್ನು ಅಲಂಕಾರವೆಂದು ತಿಳಿದವರ ಬಗ್ಗೆ ನಾನು ಹೆಚ್ಚು ಮಾತನಾಡಲಾರೆ, ಏಕೆಂದರೆ ಕಲಿಯುವ ದಿನಗಳಲ್ಲಿ ನಾನೂ ಒಂದನ್ನು ತಿರುಗುಮುರುಗಾಗಿ ಹಾಕಿ ಅದು ಸಿಡಿದ ಸದ್ದನ್ನು ಕೇಳಿದವನೇ. ಆದರೆ ಊದಿಕೊಂಡ ಕೆಪಾಸಿಟರ್‌ನ ತಲೆಯನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, "ಊತ ಇಳಿದಿದೆ" ಎಂದು ಸಮಾಧಾನಪಟ್ಟವರನ್ನು ಕಂಡಾಗ ನನ್ನ ಕಲಿಕೆ ಅಪೂರ್ಣವೆನಿಸಿತು. ತವರ ಮತ್ತು ಸೀಸ 63:37ರ ಪ್ರಮಾಣದಲ್ಲಿರುವ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆಂಬುದು ಅಂಥವರಿಗೆ ಗೊತ್ತಿಲ್ಲವೆಂದಲ್ಲ. ಅದು ಹಿಡಿಯದಿದ್ದಾಗ ನಲ್ಲಿ ಕೆಲಸಕ್ಕೆ ಬಳಸುವ ಆಮ್ಲದ ಫ್ಲಕ್ಸ್ ಬಳಿಯಬೇಕೆಂಬ ಹೆಚ್ಚುವರಿ ಜ್ಞಾನವೂ ಅವರಿಗುಂಟು. ಕೆಲವು ತಿಂಗಳ ಬಳಿಕ ಬೋರ್ಡಿನ ತುಂಬ ಕಿಲುಬಿನ ಹಸಿರು ಹೂ ಅರಳಿರುತ್ತದೆ. ಅದರ ಮೇಲೆ ಅಂಟು ಸುರಿದಿದ್ದರೆ ಆ ಹೂವನ್ನು ಕೀಳುವ ದಾರಿಯೂ ಇರುವುದಿಲ್ಲ.

ಆಂಪ್ಲಿಫೈಯರ್ ತಂದವರಿಗೆ ಸುಟ್ಟ ಟ್ರಾನ್ಸ್‌ಫಾರ್ಮರ್ ತೋರಿಸಿ, ಹೊಸ ಫ್ಯೂಸ್ ಹಾಕುವುದಾಗಿ ಹೇಳಿದೆ. ಅವರು ಬೆಳ್ಳಿ ಕಾಗದದ ಸುರುಳಿಯನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಎಲ್ಲೂ ಕಲೆಯಾಗಿಲ್ಲವೆಂದು ಖಚಿತಪಡಿಸಿಕೊಂಡರು. "ಸ್ವಾಮಿ, ಕಂಪನಿಯ ಫ್ಯೂಸ್ ಮೊದಲ ದಿನವೇ ಹೋಯಿತು. ಇಷ್ಟೆಲ್ಲ ಸುಟ್ಟರೂ ನಾನು ಹಾಕಿದ್ದು ಮಾತ್ರ ಹೇಗಿದೆಯೋ ಹಾಗೇ ಇದೆ ನೋಡಿ. ಇದನ್ನೇ ಹಾಕಿಬಿಡಿ" ಎಂದರು.