ಕೇಳಿದ್ರೆ ಕೊಡ್ತಾರಾ?

ಭಾನುವಾರ ಹಾಸನದಿಂದ ತಮ್ಮ ಫೋನ್ ಮಾಡಿದಾಗೆಲ್ಲ ಒಂದೇ ರಾಗ. "ನಿಮ್ಮ ಶಿಕಾಗೋದಲ್ಲಿ ಹೈಸ್ಕೂಲ್ ಹುಡುಗರೇ ಗನ್ ಹಿಡ್ಕೊಂಡು ಓಡಾಡ್ತಾರಂತೆ. ನಮ್ಮೂರೇ ವಾಸಿ ಕಣಣ್ಣ."

ಪೂರ್ತಿ ಸುಳ್ಳೇನಲ್ಲ. ನಾನಿರೋದು ನಗರದಾಚೆ. ಇಲ್ಲಿ ಗುಂಡಿನ ಸದ್ದು ಕೇಳೋದು ಟಿವಿಯಲ್ಲಿ ಮಾತ್ರ. ಆದರೆ ನಗರದ ದಕ್ಷಿಣ, ಪಶ್ಚಿಮ ಭಾಗದ ಕೆಲವು ಬೀದಿಗಳಲ್ಲಿ ಮಕ್ಕಳು ಅದನ್ನು ಶಾಲೆಯ ದಾರಿಯಲ್ಲೇ ಕಾಣುತ್ತಾರೆ. ಕಂಡದ್ದು ಎಲ್ಲಿಗೆ ಹೋಗುತ್ತದೆ? ಇದೇ ಶಿಕಾಗೋದ ಹದಿಹರೆಯದವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಬಂದೂಕಿನ ಹಿಂಸೆಯನ್ನು ಹತ್ತಿರದಿಂದ ಕಂಡವರನ್ನು, ಮನೆ, ಬಡತನ, ಸ್ವಭಾವ ಎಲ್ಲದರಲ್ಲೂ ಅವರಂತೆಯೇ ಇದ್ದು ಅಂಥದ್ದನ್ನು ಕಾಣದವರ ಜೊತೆ ಹೋಲಿಸಿದ್ದರು. ಕಂಡವರು ಮುಂದಿನ 2 ವರ್ಷದಲ್ಲಿ ತಾವೇ ಗಂಭೀರ ಹೊಡೆದಾಟಕ್ಕೆ ಇಳಿಯುವ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು.

ಇದನ್ನು ತಮ್ಮನಿಗೆ ಹೇಳಿದರೆ, "ನೋಡು, ನಾನು ಹೇಳ್ಲಿಲ್ವಾ" ಅಂದ. ನನಗೆ ನೆನಪಾದದ್ದು ಮಾತ್ರ ನಮ್ಮ ಏಳನೇ ಕ್ಲಾಸು.

ನಮ್ಮ ಮೇಷ್ಟ್ರ ಮೇಜಿನ ಮೇಲೆ ಎರಡು ಹುಣಸೆ ಬರಲು ಸದಾ ಇರುತ್ತಿದ್ದವು. ಅವನ್ನು ಕಿತ್ತು ತರುವ ಕೆಲಸವೂ ನಮ್ಮದೇ. ಸಣ್ಣದು ತಂದರೆ ಅದಕ್ಕೂ ಏಟು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಅವನಪ್ಪ ಕುಡಿದು ಬಂದು ಅವನ ಅಮ್ಮನಿಗೆ ಹೊಡೆಯೋದು ಇಡೀ ಬೀದಿಗೇ ಕೇಳುತ್ತಿತ್ತು. ಬೆಳಿಗ್ಗೆ ಇವನು ಹೋಂವರ್ಕ್ ಇಲ್ಲದೆ ಬರುತ್ತಿದ್ದ, ಮತ್ತೆ ಏಟು. ಒಂದು ದಿನ ಮೇಷ್ಟ್ರ ಸ್ಕೂಟರಿನ ಮೇಲೆ ಕಲ್ಲು ಎತ್ತಿಹಾಕಿದ. ಟಿಸಿ ಕೊಟ್ಟು ಕಳಿಸಿದರು. "ಮೊದಲಿಂದಲೂ ಪುಂಡ" ಅಂದರು ದೊಡ್ಡವರು. ನಾವೂ ಅದನ್ನೇ ಅಂದೆವು.

2007ರಲ್ಲಿ ಕೇಂದ್ರದ ಮಹಿಳೆ ಮತ್ತು ಮಕ್ಕಳ ಸಚಿವಾಲಯ ಮಾಡಿಸಿದ ಸಮೀಕ್ಷೆಯಲ್ಲಿ ಮೂರರಲ್ಲಿ ಎರಡು ಮಕ್ಕಳು ಏಟು ತಿಂದವರೇ. ಮನೆಯಲ್ಲಿ ಏಟು ತಿಂದವರಲ್ಲಿ ಹೆಚ್ಚಿನವರಿಗೆ ಹೊಡೆದದ್ದು ಅಪ್ಪ ಅಮ್ಮನೇ. ನಾವು ಅದನ್ನು ಹಿಂಸೆ ಅನ್ನೋದಿಲ್ಲ, ಶಿಸ್ತು ಅಂತೀವಿ. ತಮಾಷೆ ಅಂದರೆ, ಕಾನೂನಿನ ಮಟ್ಟಿಗೆ ನಾವೇ ಮುಂದೆ. ಶಾಲೆಯಲ್ಲಿ ಹೊಡೆಯೋದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅದಕ್ಕೆ ಇನ್ನೂ ಅವಕಾಶ ಇದೆ. ಮಕ್ಕಳಿಗೆಂದೇ ಪ್ರಪಂಚದ ಮೊದಲ ಕೋರ್ಟು 1899ರಲ್ಲಿ ಶುರುವಾಗಿದ್ದು ಇದೇ ಶಿಕಾಗೋದಲ್ಲಿ, ಹಾಗಂತ ಮಕ್ಕಳನ್ನು ದೊಡ್ಡವರ ಕೋರ್ಟಿಗೆ ಎಳೆಯೋದರಲ್ಲೂ ಈ ದೇಶ ಹಿಂದೆ ಬಿದ್ದಿಲ್ಲ. ನಾವೂ 2015ರ ಕಾಯ್ದೆಯಲ್ಲಿ 16 ದಾಟಿದವರಿಗೆ, ಘೋರ ಅಪರಾಧವಾದರೆ, ಆ ಬಾಗಿಲು ತೆರೆದೆವು.

ಇಲ್ಲಿಯದು ನನಗೆ ಹಿಡಿಸಿದ್ದು ಒಂದೇ. ಶಿಕಾಗೋದ ಶಾಲೆಗಳಲ್ಲಿ 'ಬಿಕಮಿಂಗ್ ಎ ಮ್ಯಾನ್' ಅಂತ ಒಂದು ಕಾರ್ಯಕ್ರಮ ಇದೆ. ವಾರಕ್ಕೊಮ್ಮೆ ಹುಡುಗರು ಸುತ್ತ ಕೂತು ಮಾತಾಡುತ್ತಾರೆ. ಅದರಲ್ಲೊಂದು ಆಟ. ಒಬ್ಬನ ಕೈಯಲ್ಲಿ ಚೆಂಡು. ಇನ್ನೊಬ್ಬ ಅದನ್ನು 30 ಸೆಕೆಂಡಿನಲ್ಲಿ ಪಡೀಬೇಕು. ಎಲ್ಲರೂ ಬೆರಳು ತಿರುಚುತ್ತಾರೆ, ಗುದ್ದುತ್ತಾರೆ. ಆಮೇಲೆ ಪ್ರಶ್ನೆ: ಕೊಡು ಅಂತ ಒಬ್ಬನಾದ್ರೂ ಯಾಕೆ ಕೇಳಲಿಲ್ಲ? ಕೇಳಿದ್ದರೆ ಕೊಡ್ತಿದ್ದೆ, ಬರೀ ಚೆಂಡು ತಾನೇ, ಅನ್ನುತ್ತಾನೆ ಹಿಡಿದಿದ್ದವನು. ಕಾರ್ಯಕ್ರಮಕ್ಕೆ ಸೇರಿದವರನ್ನು, ಸೇರದವರನ್ನು ಚೀಟಿ ಎತ್ತಿದಂತೆ ಆರಿಸಿ ಹೋಲಿಸಿ ನೋಡಿದ್ದಾರೆ. ಅದು ನಡೆಯುವಾಗ ಹಿಂಸೆಯ ಕೇಸುಗಳಲ್ಲಿ ಬಂಧನ 45ರಿಂದ 50 ಶೇಕಡಾ ಇಳಿದಿತ್ತು. ಬೀದಿಯ ಬಂದೂಕು ಇದರಿಂದ ಹೋಗಲಿಲ್ಲ, ಅದೂ ನಿಜ.

ಹೋದ ಬೇಸಿಗೆ ಊರಿಗೆ ಹೋದಾಗ ತಮ್ಮನ ಮಗನಿಗೆ ಈ ಆಟ ಆಡಿಸಿದೆ. ಅವನಿಗೆ ಹದಿನಾಲ್ಕು. ಗಣಿತದ ಮಾರ್ಕ್ಸ್ ನೋಡಿ ಅಪ್ಪ ಬೆಲ್ಟ್ ತೆಗೆದು ಎರಡು ದಿನ ಆಗಿತ್ತು, ಮೊಣಕೈ ಮೇಲೆ ಗೆರೆ ಇನ್ನೂ ಇತ್ತು. ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು ಪಕ್ಕದ ಮನೆ ಹುಡುಗನ ಕೈಗೆ ಕೊಟ್ಟೆ. ನಮ್ಮವನು ಅವನ ತೋಳು ಬೆನ್ನ ಹಿಂದಕ್ಕೆ ತಿರುಚಿ ಹತ್ತೇ ಸೆಕೆಂಡಿನಲ್ಲಿ ಕಿತ್ತುಕೊಂಡ. ಹಣ್ಣು ಒಡೆದು ರಸ ಜಗಲಿ ಮೇಲೆಲ್ಲ ಚೆಲ್ಲಿತು.

"ಸುಮ್ನೆ ಕೇಳಬಹುದಿತ್ತಲ್ವೇನೋ?" ಅಂದೆ.

ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದ. "ಕೇಳಿದ್ರೆ ಯಾರಾದ್ರೂ ಕೊಡ್ತಾರಾ ದೊಡ್ಡಪ್ಪಾ?"