ಕೂಲಿ ಹೆಚ್ಚು ಕೇಳಲಿಲ್ಲ ಎಂಬುದೇ ಹೊಗಳಿಕೆಯಾ?

ನಮ್ಮ ಊರ ಕಡೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುತ್ತಿದ್ದ ಕೊನೆಗೌಡರು ತೀರಿಕೊಂಡ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೆ ಬಿದ್ದಿದ್ದೇ ತಡ, ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಡುನಡುವೆ ಒಂದೇ ಮಾತು: "ಪಾಪ, ಒಳ್ಳೇ ಮನುಷ್ಯ. ಒಂದು ದಿನ ಕೂಲಿ ಜಾಸ್ತಿ ಮಾಡಿ ಅಂದವನಲ್ಲ." ಒಬ್ಬರು ಬರೆದರೆ ಹತ್ತು ಜನ "ಹೌದು ಹೌದು" ಅಂದರು. ಓದುತ್ತಾ ಮೈ ಉರಿದುಹೋಯಿತು. ಮೀಸೆ ಚಿಗುರುವಾಗ ಹಗ್ಗದ ಬಳೆಯಂಥ ತಳೆ ಕಾಲಿಗೆ ಹಾಕಿ, ಮೊಣಕಾಲು ಸೋಲುವ ತನಕ ನಮ್ಮೆಲ್ಲರ ತೋಟದ ಮರ ಹತ್ತಿದವರ ಬಗ್ಗೆ ಯಜಮಾನರುಗಳಿಗೆ ನೆನಪಾದದ್ದು ಇಷ್ಟೇನಾ? ಅವರಿಂದ ನಮಗೆ ಎಷ್ಟು ಉಳಿತಾಯ ಆಯ್ತು ಅನ್ನುವ ಲೆಕ್ಕ?

ಅವರು ಮಾಡುತ್ತಿದ್ದ ಕೆಲಸ ಏನು ಅಂತ ಕೆಳಗೆ ನಿಂತು ಕತ್ತೆತ್ತಿ ನೋಡಿದವರಿಗೆ ಗೊತ್ತಾಗುವುದಿಲ್ಲ. ಒಂದು ಮರದಲ್ಲಿ ಮೂರ್ನಾಲ್ಕು ಕೊನೆ ಇರುತ್ತದೆ, ಎಲ್ಲ ಒಟ್ಟಿಗೆ ಬಲಿಯುವುದಿಲ್ಲ. ಕೆಂಪಡಿಕೆ ಮಾಡುವ ತೋಟದಲ್ಲಿ ಕಾಯಿ ಹಸಿರಿದ್ದಾಗಲೇ ಇಳಿಯಬೇಕು. ಎಳತಾದರೆ ಬೇಯಿಸಿ ಒಣಗಿಸಿದ ಮೇಲೆ ಮುದುಡಿ ತೂಕ ಬರುವುದಿಲ್ಲ. ನಾಲ್ಕು ದಿನ ತಡವಾದರೆ ಅತಿಯಾಗಿ ಬಲಿತು ಗೋಟಾಗಿ ದರ ಇಳಿಯುತ್ತದೆ. ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸುವ ಚಾಲಿಗಾದರೆ ಪೂರ್ತಿ ಹಣ್ಣಾಗಬೇಕು. ಇದನ್ನೆಲ್ಲ ತೀರ್ಮಾನ ಮಾಡುವುದು ಅಂಗಳದಲ್ಲಿ ಕೂತ ಯಜಮಾನನಲ್ಲ, ಐವತ್ತು ಅಡಿ ಮೇಲೆ ಒಂದು ಕೈಯಲ್ಲಿ ಮರ ತಬ್ಬಿಕೊಂಡು ಇನ್ನೊಂದು ಕೈಯ ಉಗುರಲ್ಲಿ ಕಾಯಿ ಒತ್ತಿ ನೋಡುವ ಕೊನೆಗೌಡ. ಇವತ್ತು ಇಳಿಸುವ ಕೊನೆ ಯಾವುದು, ಮುಂದಿನ ಕೊಯ್ಲಿಗೆ ಬಿಡುವುದು ಯಾವುದು ಎಂದು ಮರಮರಕ್ಕೂ ಅಲ್ಲೇ ನಿರ್ಧಾರ. ಕತ್ತಿ ಹಾಕುವಾಗ ಪಕ್ಕದ ಸಿಂಗಾರಕ್ಕೆ (ಹೂಗೊಂಚಲಿಗೆ) ಪೆಟ್ಟು ತಾಗಿದರೆ ಮುಂದಿನ ವರ್ಷದ ಒಂದು ಕೊನೆ ಅಲ್ಲಿಗೇ ಹೋಯ್ತು. ಗೌಡರು ಹತ್ತಿದ ಮರದ ಬುಡದಲ್ಲಿ ಮುರಿದ ಸಿಂಗಾರ ಬಿದ್ದದ್ದು ಕಂಡವರಿಲ್ಲ. ಕೊನೆಯನ್ನೂ ಧೊಪ್ಪನೆ ಕೆಡವುತ್ತಿರಲಿಲ್ಲ. ಹಗ್ಗಕ್ಕೆ ಸಿಕ್ಕಿಸಿ ಜಾರಿಬಿಟ್ಟರೆ ಕೆಳಗೆ ಹಿಡಿದವರ ಕೈಗೆ ಬಂದು ನಿಲ್ಲಬೇಕು. ನೆಲಕ್ಕೆ ಬಡಿದು ಒಡೆದ ಕಾಯಿ ಚಾಲಿ ಅಂಗಳದಲ್ಲಿ ಬೂಸಲು ಹಿಡಿಯುತ್ತದೆ ಅಂತ ಹೇಳಿ ಕೆಳಗಿನವರನ್ನು ಗದರಿಸುತ್ತಿದ್ದರು. ಒಂದು ಮರ ಮುಗಿದ ಮೇಲೆ ಇಳಿಯುವ ಮಾತಿಲ್ಲ. ಪಕ್ಕದ ಮರವನ್ನು ಎಳೆದುಕೊಂಡು ಮೇಲಿಂದ ಮೇಲೇ ದಾಟುವುದು.

ಆ ದಾಟುವ ಹೊತ್ತೇ ಅಪಾಯದ ಹೊತ್ತು. ನೈರುತ್ಯದ ಬಿಸಿಲು ಬಿದ್ದ ಮರದ ಕಾಂಡ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಸೀಳುತ್ತದೆ. ಒಳಗೆ ಟೊಳ್ಳಾದ ಮರ ಹೊರಗಿಂದ ನೆಟ್ಟಗೇ ಕಾಣುತ್ತದೆ, ಭಾರ ಬಿದ್ದ ದಿನ ಅಲ್ಲೇ ಮುರಿಯುತ್ತದೆ. ಅಂಥ ಮರಗಳು ಯಾವ ಸಾಲಲ್ಲಿ ಎಷ್ಟನೆಯದು ಎಂಬುದು ಗೌಡರಿಗೆ ಬಾಯಿಪಾಠ. ಎಳೆ ಮರಗಳಿಗೆ ಬಿಸಿಲು ಬೀಳುವ ಬದಿಗೆ ಸುಣ್ಣ ಬಳಿಯಿರಿ, ಇಲ್ಲದಿದ್ದರೆ ಸೋಗೆ ಕಟ್ಟಿ ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಕೇಳಿದ ಮನೆಗಳೆಷ್ಟು? ಸುಣ್ಣ ಹಚ್ಚದೆ ಸೀಳಿದ ಮರಕ್ಕೂ ಕೊನೆಗೆ ಹತ್ತಿದವರು ಅವರೇ. ಆದರೂ ಕೂಲಿ ಹೆಚ್ಚು ಕೇಳಲಿಲ್ಲ, ಅಲ್ಲವೇ!

ಇನ್ನು ಮಳೆಗಾಲದ ಔಷಧ. ಕೊಳೆರೋಗ ಬಂದ ತೋಟದಲ್ಲಿ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಪ್ಪು ಹಸಿರು ಕಲೆ ಏಳುತ್ತದೆ, ವಾರ ಕಳೆಯುವಷ್ಟರಲ್ಲಿ ಬುಡದ ತುಂಬ ಕಾಯಿ. ರೋಗ ಬರುವ ಮುಂಚೆಯೇ ಬೋರ್ಡೋ ದ್ರಾವಣ ಹೊಡೆಯಬೇಕು. ಮೊದಲನೆಯದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40–45 ದಿನ ಬಿಟ್ಟು, ಮಳೆ ಎಳೆದರೆ ಮೂರನೆಯದು. ಅಳತೆ ಎಲ್ಲರಿಗೂ ಗೊತ್ತು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕೈ ಗೊತ್ತಿದ್ದವರು ಕಡಿಮೆ. ಗೌಡರು 50 ಲೀಟರಿನಲ್ಲಿ ತುತ್ತ, ಇನ್ನೊಂದು 50 ಲೀಟರಿನಲ್ಲಿ ಸುಣ್ಣ ಕರಗಿಸಿ ಸೋಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕೋಲಿನಿಂದ ತಿರುವುತ್ತಿದ್ದರು. ಸುಣ್ಣವನ್ನು ತುತ್ತಕ್ಕೆ ಹೊಯ್ದರೆ ಗಟ್ಟಿಯಾಗಿ ತಳಕ್ಕಿಳಿಯುತ್ತದೆ, ನಳಿಗೆ ಕಟ್ಟುತ್ತದೆ, ಕಾಯಿಗೆ ಹಿಡಿಯುವುದಿಲ್ಲ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಆಗಬೇಕು, ಕಬ್ಬಿಣ ಕೂಡದು. ಆಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ಹಿಡಿಯುವರು. ಅಲಗಿನ ಮೇಲೆ ಕೆಂಪು ಕೂತರೆ ತುತ್ತ ಜಾಸ್ತಿ, ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಬಿಟ್ಟು ಮತ್ತೆ ಅದ್ದಬೇಕು. ಮೂಟೆ ಬಿಚ್ಚಿ ತಿಂಗಳುಗಟ್ಟಲೆ ಗಾಳಿಗಿಟ್ಟ ಸುಣ್ಣ ತಂದುಕೊಟ್ಟರೆ ಒಂದು ಕಿಲೋ ಸಾಲುವುದೇ ಇಲ್ಲ. ಮೂಲೆಗಿಟ್ಟ ಹಳೆ ಸುಣ್ಣ ಕೊಟ್ಟ ಮನೆಯಲ್ಲಿ ಅವರು ಮಾತಾಡದೆ ಚೀಲ ಬದಿಗಿಟ್ಟು ಹೊಸದು ತರಿಸುತ್ತಿದ್ದರು. ಕಲಸಿದ್ದು ಆ ದಿನವೇ ಖಾಲಿ. ನಾಳೆಗಿಡೋಣ ಅಂದರೆ ಒಪ್ಪುತ್ತಿರಲಿಲ್ಲ.

ಪಾಚಿಗಟ್ಟಿದ ಮರ, ಮೈಮೇಲೆಲ್ಲ ನೀಲಿ ನೀರು, ಕಣ್ಣಿಗೆ ತುತ್ತದ ಉರಿ. ಅವರ ಉಗುರಿನ ಸಂದಿನ ನೀಲಿ ಹಸಿರು ಬಣ್ಣ ದೀಪಾವಳಿಯ ತನಕವೂ ಇರುತ್ತಿತ್ತು. ತಳೆಯ ಹಗ್ಗ ಒತ್ತಿ ಒತ್ತಿ ಎರಡೂ ಪಾದದ ಮೇಲೆ ಕಪ್ಪು ದಡ್ಡು.

ಮನೆಯ ವಿಷಯ. ಗೌಡರಿಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಹಗಲು ಕೊಯ್ಲು ಮುಗಿಸಿ ಬಂದವರು ಮಲಗುತ್ತಿರಲಿಲ್ಲ, ಹೆಂಡತಿಯ ಪಕ್ಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಸುಲಿದ ದುಡ್ಡು ಹೆಂಡತಿಯ ಹೆಸರಿನ ಖಾತೆಗೆ. ಅದಕ್ಕೆ ತಾನು ಕೈ ಹಾಕಬಾರದು ಎಂದು ಅವರೇ ಹಾಕಿಕೊಂಡ ಕಟ್ಟುಪಾಡು. ದೊಡ್ಡವಳು ನರ್ಸಿಂಗ್ ಓದಿದ್ದು ಅದರಲ್ಲೇ. ಮಗನ ಕಾಲಿಗೆ ತಳೆ ಹಾಕಲು ಮಾತ್ರ ಬಿಡಲಿಲ್ಲ. "ಈ ಕೆಲಸ ಕೆಟ್ಟದ್ದಲ್ಲ, ಆದರೆ ಬಿದ್ದವನ ಮನೆಗೆ ಯಾರೂ ಬರೂದಿಲ್ಲ" ಅಂದಿದ್ದರಂತೆ. ಈ ಮಾತಿಗೆ ನಮ್ಮ ಗುಂಪಿನಲ್ಲಿ ಯಾರಾದರೂ ಉತ್ತರ ಬರೆಯುತ್ತೀರಾ?

ಒಂದು ಸಮಜಾಯಿಷಿ ಬರುತ್ತದೆ ಅಂತ ಗೊತ್ತು, ಬಂದೂ ಆಯ್ತು. "ಅಡಿಕೆಗೆ ದರ ಇಲ್ಲದ ವರ್ಷ, ಕೊಳೆ ಬಂದ ವರ್ಷ ನಮಗೂ ಕಷ್ಟ ಇತ್ತಪ್ಪ." ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೊಳೆ ಬಂದ ವರ್ಷ ಕೊನೆ ಅರ್ಧಕ್ಕಿಳಿದರೆ ಕೊನೆಗಿಷ್ಟು ಎಂಬ ಲೆಕ್ಕದಲ್ಲಿ ದುಡಿಯುವವರ ಗಳಿಕೆಯೂ ಅರ್ಧವಾಗುತ್ತದೆ. ನಷ್ಟದಲ್ಲಿ ಅವರ ಪಾಲು ತಾನಾಗಿಯೇ ಇತ್ತು. ದರ ಏರಿದ ವರ್ಷ ಲಾಭದಲ್ಲಿ ಪಾಲು ಕೊಟ್ಟವರ ಹೆಸರು ಹೇಳಿ ನೋಡೋಣ. 2019ರಲ್ಲಿ ಶಿರಸಿ ಅಡಿಕೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಾಗ ನಾವೆಲ್ಲ ಎದೆಯುಬ್ಬಿಸಿ ಫೋಟೊ ಹಾಕಿದ್ದೆವು. ಆ ಅಡಿಕೆಯನ್ನು ಹದ ನೋಡಿ ಇಳಿಸಿದವರ ಫೋಟೊ ಒಂದೂ ಇರಲಿಲ್ಲ.

"ಈಗ ದೋಟಿ (ಕೆಳಗಿಂದಲೇ ಕೊಯ್ಯುವ ಉದ್ದ ಕೋಲು) ಬಂತು, ಇನ್ನು ಕೊನೆಗೌಡರ ಹಂಗಿಲ್ಲ" ಎನ್ನುವವರಿಗೂ ಒಂದು ಮಾತು. ಕಾರ್ಬನ್ ಫೈಬರ್ ದೋಟಿ ಒಳ್ಳೆಯದೇ, ಅದರಿಂದ ಜೀವ ಉಳಿಯುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಹಿಡಿದು ಕೆಳಗಿಂದಲೇ ಹದ ಗುರುತಿಸಲು ಗೌಡರಂಥವರ ಕಣ್ಣೇ ಬೇಕು. ಆ ಕಾರ್ಬನ್ನಿನಲ್ಲೂ ಕರೆಂಟು ಹರಿಯುತ್ತದೆ, ತೋಟದ ಮೇಲೆ ತಂತಿ ಹಾದಿದ್ದರೆ ಅಲ್ಯೂಮಿನಿಯಂ ದೋಟಿಯಷ್ಟೇ ಅಪಾಯ. ದೋಟಿ ಹಿಡಿದವನೂ ಕೂಲಿಯವನೇ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

ಗೌಡರಿಗೆ ಅಪಘಾತ ವಿಮೆ ಇರಲಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಗೆ ಎರಡು ಲಕ್ಷ. ಇಷ್ಟು ತೋಟ, ಇಷ್ಟು ಯಜಮಾನರು, ಒಬ್ಬರೂ ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಆ ಫಾರ್ಮು ತುಂಬಿಸಲಿಲ್ಲ. ಅವರು ಕೇಳಲಿಲ್ಲ, ನಿಜ. ಕೇಳದವರಿಗೆ ಕೊಡಬಾರದು ಎಂದು ಯಾರು ಹೇಳಿದ್ದು?

ಈಗ ನಮ್ಮ ತೋಟಗಳಿಗೆ ಬರುತ್ತಿರುವ ಹುಡುಗರು ನಾಲ್ವರು. ವಿಮೆಯ ವರ್ಷ ಶುರುವಾಗುವುದು ಜೂನ್ 1ಕ್ಕೆ, ಮೊದಲ ಔಷಧ ಹೊಡೆಯುವುದೂ ಹೆಚ್ಚುಕಡಿಮೆ ಆಗಲೇ. 18ರಿಂದ 70 ವಯಸ್ಸಿನವರಿಗೆ ಆಗುತ್ತದೆ, ಉಳಿತಾಯ ಖಾತೆ ಇದ್ದರೆ ಸಾಕು. ಈ ಸಲದ ಕೊನೆ ಲೆಕ್ಕದ ದರವನ್ನೂ ಅವರು ಬಾಯಿ ಬಿಡುವ ಮುಂಚೆ ನಾವೇ ಕೂತು ಏರಿಸೋಣ. ಗುಂಪಿನಲ್ಲಿ "ಹೌದು ಹೌದು" ಅಂದ ಹತ್ತೂ ಜನ ಭಾನುವಾರ ಸೊಸೈಟಿ ಕಟ್ಟೆಗೆ ಬನ್ನಿ. ಹುಡುಗರನ್ನೂ ಕರೆಯಿರಿ, ಮಾತು ಅವರ ಎದುರಿಗೇ ಆಗಲಿ.