ಜೇನುಪೆಟ್ಟಿಗೆಗೆ ಬೆಲ್ಲದ ನೀರು: ಒಂದು ಸ್ಪಷ್ಟನೆ

ಚಳಿಗಾಲದಲ್ಲಿ ಜೇನುಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿ, ಒಳಗೆ ಬೆಲ್ಲದ ನೀರಿಡಬೇಕೆಂಬ ಸಂದೇಶವೊಂದು ಪುಣೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಸಲಹೆಗಳು ತಪ್ಪು. ಬೆಲ್ಲದಲ್ಲಿರುವ, ಜೇನುನೊಣಗಳಿಗೆ ಜೀರ್ಣವಾಗದ ಅಂಶಗಳು ಭೇದಿ ತರುತ್ತವೆ. ಆಹಾರ ಕೊಡಲೇಬೇಕಿದ್ದರೆ ಬಿಳಿ ಸಕ್ಕರೆಯನ್ನು ಸಮತೂಕದ ನೀರಿನಲ್ಲಿ ಕರಗಿಸಿ, ಬೇರೆ ಗೂಡಿನ ನೊಣಗಳು ದೋಚಲು ಬಾರದಂತೆ ಸಂಜೆಯ ಹೊತ್ತು ಪೆಟ್ಟಿಗೆಯ ಒಳಗೇ ಇಡಬೇಕು. ಪ್ಲಾಸ್ಟಿಕ್ ಹೊದಿಕೆಯಂತೂ ತೇವವನ್ನು ಒಳಗೇ ಹಿಡಿದಿಡುತ್ತದೆ. ಮರಿಗಳಿರುವ ಎರಿಗಳನ್ನು (ಮೇಣದ ಹಲ್ಲೆಗಳನ್ನು) ಸುಮಾರು 34 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯ್ದುಕೊಳ್ಳಲು ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜಾತಿಯ ನೊಣಗಳು ತಾವೇ ಬಲ್ಲವು, ಆ ಶ್ರಮಕ್ಕೆ ಬೇಕಾದ ಇಂಧನ ಅವು ಕೂಡಿಟ್ಟ ಜೇನು. ಆದ್ದರಿಂದ ಅದನ್ನೆಲ್ಲ ಹಿಂಡಿಕೊಳ್ಳದೆ ಸಾಕಷ್ಟು ಬಿಡುವುದೇ ವಸಂತದವರೆಗಿನ ನಿಜವಾದ ರಕ್ಷಣೆ. ಸಂದೇಹವಿದ್ದವರು 1962ರಿಂದ ಪುಣೆಯಲ್ಲೇ ಇರುವ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ವಿಚಾರಿಸಬಹುದು.